ಮೊಸೆಲ್ ಕಣಿವೆಯಲ್ಲಿ ಒಂದು ದಿನ: ಕಾಲ್‌ಮಾಂಟ್ ದ್ರಾಕ್ಷಿ ಇಳಿಜಾರಿನ ಕಾಲುದಾರಿಯನ್ನು ಎಡವದೆ ಮುಗಿಸುವ ಕ್ರಮ

ಫ್ರಾಂಕ್‌ಫರ್ಟ್ ಸುತ್ತಮುತ್ತ ಇರುವ ನಮ್ಮವರಲ್ಲಿ ಜರ್ಮನಿಯ ಮೊಸೆಲ್ ನದಿ ಕಣಿವೆಗೆ ಹೋಗಿ ಬಂದವರು ಬೇಕಾದಷ್ಟು ಜನ. ವಾಪಸ್ ಬಂದು ಹೇಳುವ ಕಥೆ ಮಾತ್ರ ಮೂರೇ ಥರ. ಒಂದು, "ಕೊಖೆಮ್‌ನಲ್ಲಿ ಇಳಿದ್ವಿ, ಕೋಟೆ ನೋಡಿದ್ವಿ, ಐಸ್‌ಕ್ರೀಮ್ ತಿಂದ್ವಿ. ನದಿ ಕುದುರೆ ಲಾಳದ ಹಾಗೆ ತಿರುಗೋ ಫೋಟೊ ಎಲ್ಲಿ ತೆಗೀತಾರೋ ಗೊತ್ತಾಗ್ಲೇ ಇಲ್ಲ." ಎರಡು, ದಾರಿ ಹುಡುಕಿಕೊಂಡು ಹೋಗಿ, ಮೊದಲನೇ ಏಣಿಯ ಹತ್ತಿರ ನಿಂತು, ತಿರುಗಿ ಬಂದವರು. ಮೂರು, ನಡಿಗೆ ಚೆನ್ನಾಗಿ ಮುಗಿಸಿ, ನದಿಯ ಈ ದಡದಲ್ಲಿ ನಿಂತು ಆ ದಡದಿಂದ ಹೊರಟ ರೈಲಿಗೆ ಕೈ ಬೀಸಿದವರು. ಮೂರನೇ ಗುಂಪಿನಲ್ಲಿ ನಾನೂ ಇದ್ದೇನೆ.

ಎಲ್ಲರೂ ಮಾಡುವ ತಪ್ಪು ಒಂದೇ: ಮ್ಯಾಪಿನಲ್ಲಿ ಕಿಲೋಮೀಟರ್ ನೋಡಿ ಹೊರಡುವುದು. ಈ ಕಣಿವೆಯಲ್ಲಿ ಕಿಲೋಮೀಟರ್ ಕೊನೆಗೆ ನೋಡಬೇಕಾದದ್ದು. ಮೊದಲು ಯಾವ ದಡ ಅಂತ ನೋಡಬೇಕು, ಆಮೇಲೆ ಎಷ್ಟು ಏರು, ಆಮೇಲೆ ಕಲ್ಲು ಒಣಗಿದೆಯೋ ಇಲ್ಲವೋ.

ಮೊಸೆಲ್ ಉದ್ದಕ್ಕೂ ಮೊಸೆಲ್‌ಸ್ಟೈಗ್ ಎಂಬ 365 ಕಿಲೋಮೀಟರ್ ಕಾಲುದಾರಿ ಇದೆ. ಪೆರ್ಲ್ ಊರಿನಿಂದ ಕೋಬ್ಲೆನ್ಸ್‌ವರೆಗೆ 24 ಹಂತ. ಅಷ್ಟನ್ನೂ ಇಲ್ಲಿ ಹೇಳುವುದಿಲ್ಲ. ಜಾಸ್ತಿ ಜನ ಎಡವುವುದು ಎಡಿಗರ್-ಎಲ್ಲರ್ ಮತ್ತು ಬ್ರೆಮ್ ಎಂಬ ಎರಡು ಊರುಗಳ ನಡುವಿನ ಕಾಲ್‌ಮಾಂಟ್ ಬೆಟ್ಟದಲ್ಲಿ. ಅದನ್ನು ಹಂತ ಹಂತವಾಗಿ ಬರೆದಿದ್ದೇನೆ. ಮಳೆ ಬಂದರೆ, ಅಥವಾ ಊರಿಂದ ಅಪ್ಪ ಅಮ್ಮ ಬಂದಿದ್ದರೆ ಎಲ್ಲಿಗೆ ಹೋಗಬೇಕು ಅನ್ನುವುದು ಕೊನೆಗೆ ಇದೆ.

## ಹಂತ 1: ನಿಮಗೆ ಆಗುತ್ತದಾ ಅಂತ ಮನೆಯಲ್ಲೇ ತೀರ್ಮಾನಿಸಿ

ಕಾಲ್‌ಮಾಂಟ್ ತುದಿಯ ಎತ್ತರ 378 ಮೀಟರ್. "ನಂದಿ ಬೆಟ್ಟ 1,478 ಮೀಟರ್, ಇದೇನು ಮಹಾ" ಅಂತ ಗೆಳೆಯನೊಬ್ಬ ನಕ್ಕಿದ್ದ. ನಂದಿಗೆ ಅವನು ಹೋಗಿದ್ದು ಬೈಕಿನಲ್ಲಿ. ಇಲ್ಲಿ ನದಿ ಇರುವುದು ಸುಮಾರು 90 ಮೀಟರ್ ಎತ್ತರದಲ್ಲಿ. ಅಂದರೆ ಹತ್ತಿರ ಹತ್ತಿರ 290 ಮೀಟರ್ ಕಾಲಲ್ಲೇ ಏರಬೇಕು. ಚಾಮುಂಡಿ ಬೆಟ್ಟದ ಮೆಟ್ಟಿಲು ನಿಲ್ಲದೆ ಹತ್ತುವವರಿಗೆ ಏದುಸಿರಿನ ತೊಂದರೆ ಆಗುವುದಿಲ್ಲ.

ತೊಂದರೆ ಕೊಡುವುದು ಏರಲ್ಲ, ಇಳಿಜಾರು. ಯೂರೋಪಿನ ಅತಿ ಕಡಿದಾದ ದ್ರಾಕ್ಷಿ ತೋಟಗಳಲ್ಲಿ ಇದೂ ಒಂದು. ಕೆಲವು ಕಡೆ 60 ಡಿಗ್ರಿಗೂ ಜಾಸ್ತಿ. ಆ ಗೋಡೆಯಂಥ ಇಳಿಜಾರಿನ ಮಧ್ಯದಲ್ಲಿ ಅಡ್ಡಕ್ಕೆ ಹಾದು ಹೋಗುವ ಕಾಲುದಾರಿಗೆ ಕ್ಲೆಟ್ಟರ್‌ಸ್ಟೈಗ್ ಅನ್ನುತ್ತಾರೆ. ಅಲ್ಲಲ್ಲಿ ಉಕ್ಕಿನ ಹಗ್ಗ, ಬಂಡೆಗೆ ಬಡಿದ ಕಬ್ಬಿಣದ ಮೆಟ್ಟಿಲು, ಕೆಲವು ಏಣಿ. ಆಲ್ಪ್ಸ್‌ನಲ್ಲಿ ಹಾಕುವ ಸೊಂಟದ ಬೆಲ್ಟು, ಕೊಂಡಿ ಎಲ್ಲ ಇಲ್ಲದೆಯೇ ಬಹಳ ಜನ ಇದನ್ನು ಮುಗಿಸುತ್ತಾರೆ. ಆದರೆ ಎಡಗಾಲಿನ ಪಕ್ಕ ಒಂದಡಿ ಜಾಗ, ಅದರಾಚೆ ಬರೀ ಗಾಳಿ. ಇದು ಕೆಲವರಿಗೆ ಮಜಾ, ಕೆಲವರಿಗೆ ಹೊಟ್ಟೆ ತೊಳಸುತ್ತದೆ.

ಒಂದು ಸಣ್ಣ ಪರೀಕ್ಷೆ. ನಾಲ್ಕನೇ ಮಹಡಿಯ ಬಾಲ್ಕನಿಯಲ್ಲಿ ಕಂಬಿ ಹಿಡಿಯದೆ ನಿಂತು ಕೆಳಗೆ ನೋಡಿ. ಮಂಡಿ ನಡುಗಿದರೆ ಇದು ನಿಮ್ಮ ದಾರಿಯಲ್ಲ, ಹಂತ 6ರ ಮೇಲುದಾರಿಯನ್ನು ಮಾತ್ರ ಮಾಡಿ. ನೋಟ ಅಲ್ಲೇ ಚೆಂದ. ಚಿಕ್ಕ ಮಕ್ಕಳು ಬೇಡ. ಬೆನ್ನಿಗೆ ಕಟ್ಟಿಕೊಂಡೂ ಬೇಡ, ಏಣಿ ಹತ್ತುವಾಗ ತೂಕ ಹಿಂದಕ್ಕೆ ಎಳೆಯುತ್ತದೆ. ನಾಯಿ ಇದ್ದವರಿಗೂ ಇದೇ ಮಾತು.

## ಹಂತ 2: ದಿನ ಆರಿಸುವುದು

ಇಲ್ಲಿನ ಇಡೀ ಬೆಟ್ಟ ಸ್ಲೇಟ್ ಕಲ್ಲು. ನಾವು ಒಂದನೇ ಕ್ಲಾಸಿನಲ್ಲಿ ಬಳಪ ಹಿಡಿದು ಅಆಇಈ ತೀಡಿದ ಸ್ಲೇಟು ಇದೆಯಲ್ಲ, ಅದೇ. ಒದ್ದೆ ಬಟ್ಟೆಯಲ್ಲಿ ಒರೆಸಿದ ಸ್ಲೇಟಿನ ಮೇಲೆ ಬೆರಳು ಹೇಗೆ ಜಾರುತ್ತಿತ್ತು ನೆನಪಿದೆಯಾ? ಮಳೆ ಬಂದಾಗ ಶೂ ಹಾಗೇ ಜಾರುತ್ತದೆ. ಅದಕ್ಕೇ ಬೇರೆಲ್ಲಕ್ಕಿಂತ ಮೊದಲು ಹವಾಮಾನ ನೋಡಬೇಕು. ನಾಳೆಯದ್ದು ಮಾತ್ರ ಅಲ್ಲ, ನಿನ್ನೆಯದ್ದೂ. ಹಿಂದಿನ ರಾತ್ರಿ ಮಳೆ ಬಂದಿದ್ದರೆ ಬಂಡೆಯ ನೆರಳಿನ ಭಾಗಗಳು ಬೆಳಗ್ಗೆ ಹತ್ತಕ್ಕೂ ಒಣಗಿರುವುದಿಲ್ಲ.

ಒಳ್ಳೆಯ ಕಾಲ ಎರಡು. ಏಪ್ರಿಲ್ ಮಧ್ಯದಿಂದ ಜೂನ್ ಮಧ್ಯದವರೆಗೆ ಒಂದು, ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್‌ವರೆಗೆ ಇನ್ನೊಂದು. ಜುಲೈ, ಆಗಸ್ಟ್ ನಾನು ಬೇಡ ಅನ್ನುತ್ತೇನೆ. ಇಳಿಜಾರು ದಕ್ಷಿಣಕ್ಕೆ ಮುಖ ಮಾಡಿದೆ, ನೆರಳಿಲ್ಲ, ಕರಿ ಕಲ್ಲು ಬಿಸಿಲು ಕುಡಿದು ಮಧ್ಯಾಹ್ನ ಕಾವಲಿ ಆಗಿರುತ್ತದೆ. ದ್ರಾಕ್ಷಿಗೆ ಅದೇ ಬೇಕು. ನಮಗೆ ಬೇಡ. "ನಾವು ರಾಯಚೂರಿನವರು, ಬಿಸಿಲು ಏನು ಮಾಡುತ್ತೆ" ಅನ್ನುವವರೂ ಇದ್ದಾರೆ. ರಾಯಚೂರಿನಲ್ಲಿ ಮಧ್ಯಾಹ್ನ ಒಂದು ಗಂಟೆಗೆ ಯಾರೂ ಏಣಿ ಹತ್ತುವುದಿಲ್ಲ, ಅಲ್ವಾ?

ಬೇಸಿಗೆಯಲ್ಲಿ ಇನ್ನೊಂದು ವಿಷಯ. ಇಷ್ಟು ಕಡಿದಾದ ತೋಟಕ್ಕೆ ಟ್ರ್ಯಾಕ್ಟರ್ ಹತ್ತುವುದಿಲ್ಲ, ಹಾಗಾಗಿ ಮೊಸೆಲ್‌ನ ಕಡಿದಾದ ಇಳಿಜಾರುಗಳಿಗೆ ಹೆಲಿಕಾಪ್ಟರ್‌ನಿಂದ ಬೂಷ್ಟು ರೋಗದ ಔಷಧಿ ಸಿಂಪಡಿಸುತ್ತಾರೆ. ಆ ಹೊತ್ತಿನಲ್ಲಿ ಕಾಲುದಾರಿ ಮುಚ್ಚಿರಬಹುದು. ಹಿಂದಿನ ದಿನ ಊರಿನ ಪ್ರವಾಸಿ ಕಚೇರಿಯ ವೆಬ್‌ಸೈಟ್‌ನಲ್ಲಿ ದಾರಿ ತೆರೆದಿದೆಯಾ ಅಂತ ನೋಡಿಕೊಂಡೇ ಹೊರಡಿ. ಕಲ್ಲು ಬಿದ್ದು, ರಿಪೇರಿಗೆ ಅಂತ ಮುಚ್ಚುವುದೂ ಉಂಟು.

## ಹಂತ 3: ಮೊದಲು ದಡ, ಆಮೇಲೆ ರೈಲು

ಮ್ಯಾಪ್ ತೆಗೆದು ನದಿಯ ಮೇಲೆ ಬೆರಳಾಡಿಸಿ. ಮೊಸೆಲ್ ಹಾವಿನ ಹಾಗೆ ಹೊರಳುತ್ತದೆ. ರೈಲು ಹಾಗೆ ಹೊರಳುವುದಿಲ್ಲ, ಸುರಂಗ ಹೊಕ್ಕು, ಸೇತುವೆ ದಾಟಿ ನೇರ ಹೋಗುತ್ತದೆ. ಇದರಿಂದ ಎಷ್ಟೋ ಊರುಗಳಿಗೆ ನಿಲ್ದಾಣವೇ ಇಲ್ಲ. ಬ್ರೆಮ್‌ಗೂ ಇಲ್ಲ.

ಎಡಿಗರ್-ಎಲ್ಲರ್ ಊರು (ಮುಂದೆ ಬರೀ ಎಲ್ಲರ್ ಅನ್ನುತ್ತೇನೆ) ಮೊಸೆಲ್‌ನ ಎಡದಡದಲ್ಲಿದೆ. ಕಾಲ್‌ಮಾಂಟ್, ಬ್ರೆಮ್ ಅದೇ ದಡ. ಕೊಖೆಮ್‌ನಿಂದ ಬರುವ ರೈಲು 4.2 ಕಿಲೋಮೀಟರ್ ಉದ್ದದ ಸುರಂಗದಿಂದ ಎಲ್ಲರ್‌ನಲ್ಲಿ ಹೊರಬಂದು, ಅಲ್ಲಿಂದ ನದಿ ದಾಟಿ, ಮುಂದಿನ ನಿಲ್ದಾಣ ನೇಫ್‌ಗೆ ಹೋಗುತ್ತದೆ. ನೇಫ್ ಬಲದಡ. ಬ್ರೆಮ್‌ನಿಂದ ನೇಫ್‌ಗೆ ಹೋಗಬೇಕೆಂದರೆ ಎಡದಡದಲ್ಲೇ ನಡೆದು ನೇಫ್ ಸೇತುವೆಯಲ್ಲಿ ದಾಟಬೇಕು. ಬ್ರೆಮ್ ಎದುರಿಗೆ ನದಿಯಾಚೆ ಒಂದು ಹಳೇ ಮಠದ ಪಾಳು ಗೋಡೆ ಕಾಣುತ್ತದೆ. "ಓ ಇಲ್ಲೇ ಇದೆ, ಹೋಗಿ ಬಂದುಬಿಡೋಣ" ಅನಿಸುತ್ತದೆ. ಅಲ್ಲಿ ಸೇತುವೆ ಇಲ್ಲ. ಇದೇ ಭ್ರಮೆಯಲ್ಲಿ ನಾನು ರೈಲು ತಪ್ಪಿಸಿಕೊಂಡೆ.

ಆದ್ದರಿಂದ ಒಂದೇ ದಡದಲ್ಲಿ ಶುರು ಮಾಡಿ, ಅದೇ ದಡದಲ್ಲಿ ಮುಗಿಸಿ. ಎಲ್ಲರ್‌ನಲ್ಲಿ ಇಳಿದು, ಸುತ್ತು ಹೊಡೆದು, ಎಲ್ಲರ್‌ನಲ್ಲೇ ರೈಲು ಹತ್ತುವುದು ಸುಲಭ.

ಫ್ರಾಂಕ್‌ಫರ್ಟ್‌ನಿಂದ ಬರುವವರು ಮೈಂಟ್ಸ್ ಮೇಲಿನಿಂದ ಕೋಬ್ಲೆನ್ಸ್‌ಗೆ ಬಂದು, ಅಲ್ಲಿ ಟ್ರಿಯರ್ ಕಡೆಯ ರೈಲು ಹಿಡಿಯಬೇಕು. ಇಲ್ಲಿ ಎಡವುವ ಜಾಗ ಒಂದಿದೆ. ಈ ಮಾರ್ಗದಲ್ಲಿ ಎರಡು ಥರದ ರೈಲು. ಆರ್‌ಇ 1 ಬೇಗ ಹೋಗುತ್ತದೆ, ಕೊಖೆಮ್, ಬುಲ್ಲೈನಂಥ ದೊಡ್ಡ ನಿಲ್ದಾಣಗಳಲ್ಲಿ ನಿಲ್ಲುತ್ತದೆ, ಎಡಿಗರ್-ಎಲ್ಲರ್‌ನಲ್ಲಿ ನಿಲ್ಲುವುದಿಲ್ಲ. ಆರ್‌ಬಿ 81 ಸಣ್ಣ ನಿಲ್ದಾಣಗಳಲ್ಲೂ ನಿಲ್ಲುತ್ತದೆ. ಆರ್‌ಇ 1 ಹತ್ತಿದ್ದರೆ ಕೊಖೆಮ್‌ನಲ್ಲಿ ಇಳಿದು ಬದಲಾಯಿಸಿ. ಡಾಯ್ಚ್‌ಲಾಂಡ್ ಟಿಕೆಟ್ (ತಿಂಗಳ ಪಾಸ್) ಎರಡರಲ್ಲೂ ನಡೆಯುತ್ತದೆ, ದೂರದೂರಿನ ವೇಗದ ರೈಲುಗಳಾದ ಐಸಿ, ಐಸಿಇಗಳಲ್ಲಿ ನಡೆಯುವುದಿಲ್ಲ.

ಫ್ರಾಂಕ್‌ಫರ್ಟ್‌ನಿಂದ ಮೂರು ಗಂಟೆ ಬೇಕು ಅಂದುಕೊಳ್ಳಿ. ಬೆಳಗ್ಗೆ ಏಳರ ಒಳಗೆ ಮನೆ ಬಿಟ್ಟರೆ ಸರಿ. ವಾಪಸ್ ರೈಲುಗಳಲ್ಲಿ ಎರಡನ್ನು ಹೊರಡುವ ಮೊದಲೇ ಬರೆದಿಟ್ಟುಕೊಳ್ಳಿ: ನೀವು ಹಿಡಿಯಬೇಕಾದದ್ದು, ತಪ್ಪಿದರೆ ಮುಂದಿನದು. ಹಳಿ ಕೆಲಸದ ದಿನಗಳಲ್ಲಿ ರೈಲಿನ ಬದಲು ಬಸ್ ಓಡಿಸುತ್ತಾರೆ. ಅದನ್ನೂ ಆ್ಯಪಿನಲ್ಲಿ ಹಿಂದಿನ ರಾತ್ರಿ ನೋಡಿ.

## ಹಂತ 4: ಕಾಲಿಗೆ ಏನು, ಚೀಲಕ್ಕೆ ಏನು

ಶೂ ಒಂದರ ಬಗ್ಗೆ ಮಾತ್ರ ಹಟ ಮಾಡುತ್ತೇನೆ. ಅಡಿಯಲ್ಲಿ ಆಳವಾದ ಕಚ್ಚು ಇರುವ ಟ್ರೆಕ್ಕಿಂಗ್ ಶೂ ಬೇಕು. ಜಿಮ್ ಶೂ, ಬಿಳಿ ಸ್ನೀಕರ್ ಬೇಡ. ಸಡಿಲ ಸ್ಲೇಟ್ ಚೂರುಗಳು ಒಂದರ ಮೇಲೊಂದು ತಟ್ಟೆ ಜೋಡಿಸಿದ ಹಾಗೆ ಬಿದ್ದಿರುತ್ತವೆ. ಮೇಲಿನದರ ಮೇಲೆ ಕಾಲಿಟ್ಟರೆ ಕೆಳಗಿನದು ಸರಿಯುತ್ತದೆ. ಸವೆದ ಅಡಿಯ ಶೂ ಒಣ ದಿನದಲ್ಲೂ ಕೈಕೊಡುತ್ತದೆ.

ಚೀಲದಲ್ಲಿ: ತಲಾ ಎರಡು ಲೀಟರ್ ನೀರು, ಟೋಪಿ, ಫೋನಿನಲ್ಲಿ ಇಳಿಸಿಟ್ಟುಕೊಂಡ ಆಫ್‌ಲೈನ್ ಮ್ಯಾಪ್, ಪವರ್ ಬ್ಯಾಂಕ್, ಬ್ಯಾಂಡೇಜು, ಸ್ವಲ್ಪ ನಗದು. ತೋಟದ ಕೆಲಸಕ್ಕೆ ಹಾಕುವ ತೆಳು ಕೈಗವಸು ಒಂದು ಜೊತೆ ಇರಲಿ. ಉಕ್ಕಿನ ಹಗ್ಗದಲ್ಲಿ ಅಪರೂಪಕ್ಕೆ ಒಂದು ಎಳೆ ಬಿಚ್ಚಿ ಮುಳ್ಳಿನಂತೆ ನಿಂತಿರುತ್ತದೆ, ಬಿಸಿಲಿಗೆ ಕಾದಿರುತ್ತದೆ ಕೂಡ.

ಎರಡೂ ಕೈ ಖಾಲಿ ಇರಬೇಕು. ಕೈಚೀಲ, ಸೆಲ್ಫಿ ಕೋಲು, ಕುತ್ತಿಗೆಗೆ ನೇತಾಡುವ ಕ್ಯಾಮೆರಾ ಎಲ್ಲ ಬೆನ್ನ ಚೀಲದೊಳಗೆ. ನಡೆಯುವ ಕೋಲು ಇದ್ದರೆ ಮಡಚಿ ಕಟ್ಟಿಬಿಡಿ, ಇಳಿಯುವಾಗ ತೆಗೆಯಿರಿ.

ಊಟ ಕಟ್ಟಿಕೊಂಡೇ ಹೋಗಿ. ಭಾನುವಾರ ಜರ್ಮನಿಯಲ್ಲಿ ಅಂಗಡಿ ಮುಚ್ಚಿರುತ್ತದೆ, ಹಳ್ಳಿಯಲ್ಲಂತೂ ಕೇಳಲೇಬೇಡಿ. ಚಪಾತಿ ಸುರುಳಿ, ಚಟ್ನಿಪುಡಿ ಹಚ್ಚಿದ ಬ್ರೆಡ್ಡು ಇದಕ್ಕೆ ಹೇಳಿ ಮಾಡಿಸಿದ್ದು. ಮೊಸರನ್ನ ಒಮ್ಮೆ ತಗೊಂಡು ಹೋಗಿದ್ದೆವು. ಸ್ಲೇಟಿನ ಬಿಸಿಗೆ ಹುಳಿ ಬಂದು, ಡಬ್ಬಿ ತೆಗೆದವರು ಸುಮ್ನೆ ಮುಚ್ಚಿಟ್ಟರು.

## ಹಂತ 5: ಎಲ್ಲರ್‌ನಿಂದ ಬ್ರೆಮ್‌ಗೆ, ಕ್ಲೆಟ್ಟರ್‌ಸ್ಟೈಗ್

ದಾರಿ ಸುಮಾರು 3 ಕಿಲೋಮೀಟರ್. ಎರಡೂವರೆ ಗಂಟೆ ಇಟ್ಟುಕೊಳ್ಳಿ. ಆ್ಯಪ್ ಒಂದು ಗಂಟೆ ಅಂದರೆ ನಂಬಬೇಡಿ.

ಎಲ್ಲರ್ ಕಡೆಯಿಂದಲೇ ಯಾಕೆ? ನಿಲ್ದಾಣದಿಂದ ದಾರಿ ಹತ್ತಿರ. ಎರಡನೆಯದು, ಇಲ್ಲಿಂದ ನಡಿಗೆ ಪಶ್ಚಿಮಕ್ಕೆ, ಬೆಳಗಿನ ಬಿಸಿಲು ಬೆನ್ನಿಗೆ ಬೀಳುತ್ತದೆ, ಕಣ್ಣಿಗೆ ಹೊಡೆಯುವುದಿಲ್ಲ. ಕಣ್ಣು ಕುಕ್ಕುವ ಬಿಸಿಲಿನಲ್ಲಿ ಕಾಲಿಡುವ ಜಾಗ ಸರಿಯಾಗಿ ಕಾಣುವುದಿಲ್ಲ.

ದಿಕ್ಕಿನ ಗುರುತು ಬಹಳ ಸರಳ: ಈ ಹಂತದಲ್ಲಿ ನದಿ ಪೂರ್ತಿ ನಿಮ್ಮ ಎಡಗಡೆ, ಕೆಳಗೆ. ಎಲ್ಲಾದರೂ ನದಿ ಬೆನ್ನಿಗೆ ಬಂದು ನೀವು ನೇರ ಮೇಲೆ ಹತ್ತುತ್ತಿದ್ದರೆ ತೋಟದವರ ಕೆಲಸದ ದಾರಿಗೆ ತಿರುಗಿದ್ದೀರಿ ಅಂತ ಅರ್ಥ. ಕೊನೆಯ ಗುರುತು ಕಂಡ ಜಾಗಕ್ಕೆ ವಾಪಸ್ ಬನ್ನಿ. ದ್ರಾಕ್ಷಿ ಸಾಲಿನ ನಡುವೆ ಅಡ್ಡ ಹಾಯ್ದು "ಶಾರ್ಟ್‌ಕಟ್" ಹುಡುಕುವುದು ಇಲ್ಲಿ ಜನ ಮಾಡುವ ಕೆಟ್ಟ ತಪ್ಪು. ಆ ಸಾಲುಗಳ ತುದಿಯಲ್ಲಿ ಎಷ್ಟೋ ಕಡೆ ಎರಡಾಳು ಎತ್ತರದ ಒಣಗಲ್ಲು ಗೋಡೆ ಇರುತ್ತದೆ. ಮೇಲಿನಿಂದ ಅದು ಕಾಣುವುದೇ ಇಲ್ಲ.

ಬಂಡೆ ಶುರುವಾಗುವ ಮುಂಚೆ ಬಣ್ಣ ನೋಡಿ. ಒಣಗಿದ ಸ್ಲೇಟು ಬೂದು, ಒದ್ದೆ ಸ್ಲೇಟು ಕಪ್ಪು. ಮೊದಲ ಹತ್ತು ನಿಮಿಷದಲ್ಲೇ ಹೆಜ್ಜೆ ಹೆಜ್ಜೆಗೂ ಕಪ್ಪು ಕಾಣುತ್ತಿದ್ದರೆ ಅಲ್ಲಿಂದಲೇ ವಾಪಸ್. ಮುಂದೆ ಒಣಗಿರಬಹುದು ಅನ್ನುವ ಆಸೆ ಬೇಡ, ಏಣಿ ಇರುವ ಜಾಗಗಳಲ್ಲಿ ಬಂಡೆಯ ನೆರಳು ಇನ್ನೂ ಜಾಸ್ತಿ.

ಹಗ್ಗ ಇರುವ ಕಡೆ ಒಂದು ಕೈ ಸದಾ ಹಗ್ಗದ ಮೇಲಿರಲಿ. ಅದಕ್ಕೆ ಜೋತು ಬೀಳಬೇಡಿ. ತೂಕ ಕಾಲಿನ ಮೇಲೆ, ಕೈ ಬರೀ ಆಸರೆಗೆ. ಏಣಿಯಲ್ಲಿ ಮುಖ ಬಂಡೆ ಕಡೆ. ಇಳಿಯುವ ಏಣಿ ಬಂದರೂ ಅಷ್ಟೇ, ತಿರುಗಿ ನಿಂತು ಹಿಮ್ಮುಖವಾಗಿ ಇಳಿಯಿರಿ. ಮೆಟ್ಟಿಲಿಳಿದ ಹಾಗೆ ಮುಂದೆ ನೋಡಿಕೊಂಡು ಇಳಿಯಲು ಹೋದವರ ಚೀಲ ಮೆಟ್ಟಿಲಿಗೆ ಸಿಕ್ಕಿ ಮುಂದಕ್ಕೆ ತಳ್ಳುತ್ತದೆ. ಒಂದು ಏಣಿಯ ಮೇಲೆ ಒಬ್ಬರೇ. ಮೇಲಿರುವವರ ಕಾಲಿನಿಂದ ಕಲ್ಲು ಬೀಳುತ್ತದೆ, ಅದಕ್ಕೇ ಕೆಳಗೆ ನೇರಕ್ಕೆ ನಿಲ್ಲದೆ ಪಕ್ಕಕ್ಕೆ ನಿಂತು ಕಾಯಿರಿ.

ಎದುರಿನಿಂದ ಜನ ಬರುತ್ತಾರೆ. ವಾರಾಂತ್ಯದಲ್ಲಿ ಬಹಳ. ದಾಟಿಕೊಳ್ಳಲು ಬೆಟ್ಟದ ಕಡೆಗೆ ಒರಗಿ ನಿಲ್ಲಿ, ಅವರು ಹೋಗಲಿ. ಕಣಿವೆ ಅಂಚಿಗೆ ಸರಿದು ಜಾಗ ಬಿಡುವುದು ನಮ್ಮ ಸಂಕೋಚದ ಸ್ವಭಾವ, ಇಲ್ಲಿ ಬಿಡಬೇಕಾದ ಸ್ವಭಾವ. ಒರಗುವಾಗ ಬಂಡೆಗೆ ಒರಗಿ, ಒಣಗಲ್ಲು ಗೋಡೆಗಲ್ಲ. ಗಾರೆ ಇಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ್ದು ಅದು. ಹಲ್ಲಿಗಳು ಬಿಸಿಲು ಕಾಯಿಸುತ್ತಾ ಕೂತಿರುತ್ತವೆ. ಫಕ್ಕನೆ ಓಡಿದರೆ ಬೆಚ್ಚಬೇಡಿ, ಕಚ್ಚುವುದಿಲ್ಲ. ಬೆಚ್ಚಿ ಹೆಜ್ಜೆ ತಪ್ಪುವುದೇ ಅಪಾಯ.

ಸಾಲುಗಳ ನಡುವೆ ಹಲ್ಲುಹಲ್ಲಿನ ಒಂಟಿ ಹಳಿ ಕಾಣುತ್ತದೆ. ತೋಟದವರು ಅದರ ಮೇಲೆ ಸಣ್ಣ ಬಂಡಿಯಲ್ಲಿ ಕೂತು ಹತ್ತಿ ಇಳಿಯುತ್ತಾರೆ, ಹಣ್ಣಿನ ಬುಟ್ಟಿ ಸಾಗಿಸುತ್ತಾರೆ. ಅದರ ಮೇಲೆ ಕಾಲಿಡಬೇಡಿ, ಹಿಡಿದು ಹತ್ತಬೇಡಿ, ಗ್ರೀಸ್ ಹಚ್ಚಿರಬಹುದು, ಬಂಡಿಯೂ ಬರಬಹುದು. ಕುಯಿಲಿನ ದಿನಗಳಲ್ಲಿ, ಅಂದರೆ ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ, ಕೆಲಸಕ್ಕೆ ಅಡ್ಡ ಬರದ ಹಾಗೆ ನಿಂತು ದಾರಿ ಬಿಡಿ. ಹಣ್ಣು ಕೀಳಬೇಡಿ. "ಒಂದೇ ಗೊಂಚಲು" ಅನ್ನುವವರು ದಿನಕ್ಕೆ ಎಷ್ಟು ಜನ ಅಂತ ಲೆಕ್ಕ ಹಾಕಿ. ರುಚಿಗೂ ಏನಿಲ್ಲ, ರೀಸ್ಲಿಂಗ್ ಹಣ್ಣು ಚಿಕ್ಕದು, ಬೀಜವೇ ಜಾಸ್ತಿ. ನಮ್ಮ ಬೆಂಗಳೂರು ಬ್ಲೂ ತಿಂದ ನಾಲಿಗೆಗೆ ಅದು ಹಿಡಿಸುವುದಿಲ್ಲ.

ಫಲಕಗಳಲ್ಲಿ ನಾಲ್ಕು ಪದ ಗೊತ್ತಿದ್ದರೆ ಸಾಕು. ಗೆಶ್ಪೆರ್ಟ್ ಅಂದರೆ ಮುಚ್ಚಿದೆ. ಉಮ್‌ಲೈಟುಂಗ್ ಅಂದರೆ ಬಳಸುದಾರಿ. ಸ್ಟೈನ್‌ಶ್ಲಾಗ್ ಅಂದರೆ ಕಲ್ಲು ಬೀಳುವ ಜಾಗ, ಅಲ್ಲಿ ನಿಂತು ಫೋಟೊ ತೆಗೆಯಬೇಡಿ. ಲೇಬೆನ್ಸ್‌ಗೆಫಾರ್ ಅಂದರೆ ಪ್ರಾಣಾಪಾಯ, ಅದಕ್ಕೆ ವಿವರಣೆ ಬೇಡ.

ತಿರುಗಿ ಹೋಗಬೇಕಾದ ಲಕ್ಷಣಗಳು ಇವು: ಜೊತೆಯವರು ಮಾತು ನಿಲ್ಲಿಸಿ ಹಗ್ಗವನ್ನು ಎರಡೂ ಕೈಯಲ್ಲಿ ಬಿಗಿ ಹಿಡಿದಿದ್ದಾರೆ, ಕಾಲು ಹೊಲಿಗೆ ಮಿಷನ್ನಿನ ಹಾಗೆ ನಡುಗುತ್ತಿದೆ, ನೀರು ಅರ್ಧಕ್ಕಿಂತ ಕಡಿಮೆಯಾಗಿದೆ ಆದರೆ ದಾರಿ ಅರ್ಧ ಆಗಿಲ್ಲ, ದೂರದಲ್ಲಿ ಗುಡುಗು ಕೇಳಿಸಿತು. ಗುಡುಗು ಕೇಳಿದ ಮೇಲೆ ಉಕ್ಕಿನ ಹಗ್ಗದ ಹತ್ತಿರ ಇರುವುದು ಬೇಡವೇ ಬೇಡ. ಏನಾದರೂ ಆದರೆ 112. "ಕಾಲ್‌ಮಾಂಟ್ ಕ್ಲೆಟ್ಟರ್‌ಸ್ಟೈಗ್, ಎಲ್ಲರ್‌ನಿಂದ ಹೊರಟು ಇಷ್ಟು ಹೊತ್ತಾಯಿತು" ಅಂತ ಹೇಳಿದರೆ ಅವರಿಗೆ ಜಾಗ ಹಿಡಿಯಲು ಸುಲಭ. ಇಂಗ್ಲಿಷಿನಲ್ಲಿ ಹೇಳಿದರೂ ಸರಿ.

## ಹಂತ 6: ಬ್ರೆಮ್‌ನಿಂದ ಶಿಲುಬೆಯವರೆಗೆ

ಬ್ರೆಮ್ ತಲುಪಿದ ಮೇಲೆ ಅರ್ಧ ಗಂಟೆ ಕೂತು ಊಟ ಮಾಡಿ. ನಡಿಗೆ ಮುಗಿಯಿತು ಅಂತ ಜನ ಇಲ್ಲೇ ಅಂದುಕೊಳ್ಳುತ್ತಾರೆ, ಫೋಟೊ ಸಿಗಲಿಲ್ಲ ಅಂತ ಬೇಜಾರಾಗುವುದೂ ಇಲ್ಲೇ. ನದಿಯ ಪೂರ್ತಿ ತಿರುವು ಒಂದೇ ನೋಟಕ್ಕೆ ಸಿಗುವುದು ಬೆಟ್ಟದ ತುದಿಯಲ್ಲಿ ನೆಟ್ಟಿರುವ ಶಿಲುಬೆಯ ಹತ್ತಿರ.

ಬ್ರೆಮ್‌ನಿಂದ ಮೇಲಕ್ಕೆ ಕಡಿದಾದ ದಾರಿ, ಒಂದು ಗಂಟೆ ಹಿಡಿಯುತ್ತದೆ. ಇಲ್ಲಿ ಹಗ್ಗ ಏಣಿಗಳ ಆಟ ಇಲ್ಲ, ಬರೀ ದಮ್ಮಿನ ಆಟ. ನಿಧಾನವಾಗಿ, ಬಾಯಿ ಮುಚ್ಚಿ ಉಸಿರಾಡಲು ಆಗುವಷ್ಟು ವೇಗದಲ್ಲಿ ಹತ್ತಿ. ಎತ್ತರದ ಭಯ ಇರುವವರು ಹಂತ 5 ಬಿಟ್ಟು, ಎಲ್ಲರ್‌ನಿಂದ ಮೇಲುದಾರಿಯಲ್ಲೇ ಶಿಲುಬೆಗೆ ಬಂದು ವಾಪಸ್ ಹೋಗಬಹುದು.

ಮೇಲೆ ನಿಂತರೆ ಬಲಗಡೆ ಬ್ರೆಮ್‌ನ ಚರ್ಚು, ಮನೆಗಳ ಕಪ್ಪು ಸ್ಲೇಟ್ ಛಾವಣಿ. ಎದುರಿಗೆ ನಾಲಿಗೆ ಚಾಚಿದಂತೆ ಹಸಿರು ಜಾಗ, ಅದರಲ್ಲಿ ಮಠದ ಪಾಳು ಗೋಡೆ. ನೀರು ಬಲದಿಂದ ಬಂದು, ಕಾಲಡಿಯಲ್ಲಿ ಬಾಗಿ, ಎಡಕ್ಕೆ ಹೋಗುತ್ತದೆ. ಸರಕಿನ ದೋಣಿಯೊಂದು ಆ ತಿರುವು ಹಾಯುವುದನ್ನು ನಾವು ಒಮ್ಮೆ ಚಪಾತಿ ತಿನ್ನುತ್ತಾ ನೋಡಿದೆವು. ನಾಲ್ಕು ಚಪಾತಿ ಮುಗಿದರೂ ದೋಣಿ ತಿರುವಿನಲ್ಲೇ ಇತ್ತು.

ಫೋಟೊಗೆ ಒಂದು ಮಾತು. ನೀವು ದಕ್ಷಿಣಕ್ಕೆ ನೋಡುತ್ತಿದ್ದೀರಿ, ನಡುಮಧ್ಯಾಹ್ನ ಸೂರ್ಯ ಎದುರಿಗೇ ಇರುತ್ತಾನೆ, ನೀರು ಬಿಳಿ ತಗಡಿನ ಹಾಗೆ ಬರುತ್ತದೆ. ಮೂರೂವರೆ ನಾಲ್ಕರ ಮೇಲೆ ಬೆಳಕು ಪಕ್ಕಕ್ಕೆ ಸರಿದಾಗ ಸರಿಯಾಗುತ್ತದೆ. ಅಂಚಿಗೆ ಹೋಗಿ ಕಾಲು ಇಳಿಬಿಟ್ಟು ಕೂರುವವರನ್ನು ನೋಡಿ ನೀವೂ ಕೂರಬೇಡಿ.

## ಹಂತ 7: ಇಳಿಯುವುದು

ಮೇಲುದಾರಿ ಪೂರ್ವಕ್ಕೆ ಎಲ್ಲರ್ ಕಡೆ ಹೋಗುತ್ತದೆ. ಈಗ ನದಿ ನಿಮ್ಮ ಬಲಗಡೆ. ಮೊದಲು ಆರಾಮಾದ ಕಾಡಂಚು, ಕೊನೆಗೆ ಕಡಿದಾದ ಇಳಿತ. ಜಾಸ್ತಿ ಜನ ಬೀಳುವುದು ಏಣಿಯಲ್ಲಿ ಅಲ್ಲ, ಇಂಥ ಇಳಿತದಲ್ಲಿ. ಏಣಿಯಲ್ಲಿ ಭಯ ಇರುತ್ತದೆ, ಇಲ್ಲಿ ರೈಲಿನ ಅವಸರ ಇರುತ್ತದೆ. ಕೋಲು ತೆಗೆಯಿರಿ, ಲೇಸು ಮತ್ತೊಮ್ಮೆ ಬಿಗಿಯಾಗಿ ಕಟ್ಟಿ, ಹೆಜ್ಜೆ ಚಿಕ್ಕದಿರಲಿ. ಶಿಲುಬೆಯಿಂದ ನಿಲ್ದಾಣಕ್ಕೆ ಒಂದೂವರೆ ಗಂಟೆ ಇಟ್ಟುಕೊಂಡು ಹೊರಡಿ.

ಬ್ರೆಮ್‌ನಲ್ಲೇ ಮಂಡಿ ಸೋತಿದ್ದರೆ ಮೇಲೆ ಹತ್ತಲೇಬೇಡಿ. ಅಲ್ಲಿಂದ ಎಲ್ಲರ್‌ಗೆ ನದಿ ಪಕ್ಕದ ಸೈಕಲ್ ದಾರಿ ಇದೆ, ಪೂರ್ತಿ ಸಮತಟ್ಟು. ಸೈಕಲ್ಲುಗಳು ಜೋರಾಗಿ ಬರುತ್ತವೆ, ಸಾಲಾಗಿ ಬಲಕ್ಕೆ ನಡೆಯಿರಿ.

ರೈಲಿನಲ್ಲಿ ಕೂತ ಮೇಲೆ ಮಂಡಿಯ ಹಿಂದೆ, ಸೊಂಟದ ಪಟ್ಟಿ ಹತ್ತಿರ, ಕಿವಿಯ ಹಿಂದೆ ಒಮ್ಮೆ ನೋಡಿಕೊಳ್ಳಿ. ಕಾಡಂಚಿನ ಹುಲ್ಲಿನಲ್ಲಿ ರಕ್ತ ಹೀರುವ ಉಣ್ಣಿ ಇರುತ್ತದೆ. ಕಚ್ಚಿದ್ದರೆ ಚಿಮಟದಿಂದ ಚರ್ಮದ ಹತ್ತಿರಕ್ಕೇ ಹಿಡಿದು ನಿಧಾನವಾಗಿ ಎಳೆಯಿರಿ. ಎಣ್ಣೆ, ಸುಣ್ಣ ಏನೂ ಹಚ್ಚಬೇಡಿ. ಮುಂದಿನ ವಾರಗಳಲ್ಲಿ ಸುತ್ತ ಕೆಂಪು ಉಂಗುರ ಹರಡಿದರೆ ಡಾಕ್ಟರಿಗೆ ತೋರಿಸಿ.

## ಮಳೆ ಬಂದರೆ, ಅಪ್ಪ ಅಮ್ಮ ಜೊತೆಗಿದ್ದರೆ

ಮೊಸೆಲ್‌ಕೆರ್ನ್ ನಿಲ್ದಾಣದಲ್ಲಿ ಇಳಿದು ಎಲ್ಟ್ಸ್ ಕೋಟೆಗೆ ಹೋಗುವ ಕಾಡುದಾರಿ ನನ್ನ ಮೊದಲ ಆಯ್ಕೆ. ಎಲ್ಟ್ಸ್ ಹೊಳೆಯ ಪಕ್ಕದಲ್ಲೇ ನಡಿಗೆ, ಒಂದೂವರೆ ಗಂಟೆ, ಕೊನೆಯ ಏರು ಬಿಟ್ಟರೆ ಸಲೀಸು. ದಟ್ಟ ಮರದ ನೆರಳು, ಬೇಸಿಗೆಗೂ ಸರಿ. ಹೊಳೆಯ ಸದ್ದು ಕೇಳುತ್ತಾ ನಡೆಯುವಾಗ ಅಮ್ಮ "ಇದು ನಮ್ಮ ಆಗುಂಬೆ ಕಡೆ ಇದ್ದ ಹಾಗಿದೆ, ಜಿಗಣೆ ಇಲ್ಲ ಅಷ್ಟೆ" ಅಂದಿದ್ದರು. ಚಳಿಗಾಲದಲ್ಲಿ ಕೋಟೆಯ ಒಳಗೆ ಬಿಡುವುದಿಲ್ಲ.

ಕ್ಲೋಟೆನ್ ಹತ್ತಿರ ಡೋರ್ಟೆಬಾಖ್ ಎಂಬ ಸಣ್ಣ ಪಕ್ಕಕಣಿವೆ ಇದೆ, ಸಂರಕ್ಷಿತ ಜಾಗ, ಒಂದು ಪುಟ್ಟ ಜಲಪಾತವೂ ಉಂಟು. ಇದು ಮಳೆ ನಿಂತ ಮರುದಿನಕ್ಕೆ. ಜೋಗ ನೋಡಿದವರು ಜಲಪಾತ ಅನ್ನುವ ಪದಕ್ಕೆ ಮರುಳಾಗಬೇಡಿ.

ಜೂನ್‌ನಲ್ಲಿ ಹೋಗುವವರು ಕೊಖೆಮ್ ಹತ್ತಿರದ ವಾಲ್ವಿಗ್ ಇಳಿಜಾರಿನ ಅಪೊಲೊ ದಾರಿ ನೋಡಿ. ಬಿಳಿ ರೆಕ್ಕೆಯ ಮೇಲೆ ಕೆಂಪು ಕುಂಕುಮದ ಬೊಟ್ಟಿಟ್ಟ ಹಾಗಿರುವ ಚಿಟ್ಟೆಯ ಹೆಸರೇ ಅಪೊಲೊ. ಈ ಕಣಿವೆಯ ಉಪಜಾತಿ ಬೇರೆಲ್ಲೂ ಇಲ್ಲ, ಇರುವುದೂ ಕಡಿಮೆಯಾಗುತ್ತಿದೆ. ಗೋಡೆ ಸಂದಿಯಲ್ಲಿ ಬೆಳೆಯುವ ದಪ್ಪ ಎಲೆಯ ಬಿಳಿ ಹೂವಿನ ಗಿಡವೇ ಅದರ ಹುಳುವಿನ ಊಟ. ಫೋಟೊಗೋಸ್ಕರ ಗೋಡೆ ಹತ್ತಿ ಅದನ್ನು ತುಳಿಯಬೇಡಿ.

## ಕೊನೆಗೆ, ಲೋಟ

ವೈನ್ ನಡಿಗೆಯ ಆಮೇಲೆ. ಬ್ರೆಮ್‌ನ ಊಟದ ಹೊತ್ತಿಗೂ ಬೇಡ, ಇನ್ನೂ ಇಳಿಯುವುದಿದೆ.

ಬಾಗಿಲಿಗೆ ಹಸಿರು ಕೊಂಬೆಯ ಗೊಂಚಲೋ ಪೊರಕೆಯೋ ನೇತುಹಾಕಿದ ಮನೆ ಕಂಡರೆ ಅದು ಸ್ಟ್ರೌಸ್‌ವಿರ್ಟ್‌ಶಾಫ್ಟ್. ತೋಟದವರೇ ಅಂಗಳದಲ್ಲಿ ಬೆಂಚು ಹಾಕಿ ತಮ್ಮದೇ ವೈನ್ ಕೊಡುವ ಜಾಗ. ವರ್ಷಕ್ಕೆ 4 ತಿಂಗಳು ಮಾತ್ರ ತೆರೆಯಬಹುದು, 40 ಆಸನ ಮೀರುವಂತಿಲ್ಲ. ಹಾಗಾಗಿ ಕಳೆದ ಸಲ ಕೂತ ಅಂಗಳ ಈ ಸಲ ಮುಚ್ಚಿರಬಹುದು. ಸಿಹಿ ಬೇಡದವರು ಟ್ರೋಕೆನ್ ಅನ್ನಿ, ಸ್ವಲ್ಪ ಸಿಹಿ ಬೇಕೆಂದರೆ ಫೈನ್‌ಹೆರ್ಬ್, ಜಾಸ್ತಿ ಬೇಕೆಂದರೆ ಲೀಪ್ಲಿಶ್. ಕುಡಿಯದವರಿಗೆ ದ್ರಾಕ್ಷಿ ರಸ, ಟ್ರೌಬೆನ್‌ಸಾಫ್ಟ್.

ಸಸ್ಯಾಹಾರಿಗಳು ಒಂದು ಮಾತು ನೆನಪಿಡಿ: ಓನೆ ಸ್ಪೆಕ್, ಅಂದರೆ ಹಂದಿಮಾಂಸದ ಚೂರಿಲ್ಲದೆ. ಈರುಳ್ಳಿ ಹೋಳಿಗೆಯಂತೆ ಕಾಣುವ ಸ್ವೀಬೆಲ್‌ಕೂಖೆನ್‌ನಲ್ಲಿ ಎಷ್ಟೋ ಸಲ ಅದು ಹುದುಗಿರುತ್ತದೆ. ಮೇಲಿನಿಂದ ಬರೀ ಈರುಳ್ಳಿ ಕಾಣುತ್ತದೆ ಅಂತ ಮೋಸ ಹೋಗಬೇಡಿ.

ಶರತ್ಕಾಲದಲ್ಲಿ ಫೆಡರ್‌ವೈಸರ್ ಮಾರುತ್ತಾರೆ. ಇನ್ನೂ ಹುದುಗುತ್ತಿರುವ, ಮಂಜುಮಂಜಾದ ಹೊಸ ವೈನ್, ಸೇಂದಿ ಕುಡಿದವರಿಗೆ ಆ ಗುಳುಗುಳು ಗೊತ್ತಾಗುತ್ತದೆ. ಮನೆಗೆ ಒಂದು ಬಾಟಲಿ ತರೋಣ ಅನಿಸಿಯೇ ಅನಿಸುತ್ತದೆ. ಅದರ ಮುಚ್ಚಳ ಬಿಗಿಯಾಗಿರುವುದಿಲ್ಲ, ಗಾಳಿ ಹೋಗಲಿ ಅಂತ ಬೇಕೆಂದೇ ಸಡಿಲ ಬಿಟ್ಟಿರುತ್ತಾರೆ. ಬಿಗಿ ಮಾಡಿದರೆ ಬಾಟಲಿ ಸಿಡಿಯಬಹುದು. ಚೀಲದಲ್ಲಿ ಅಡ್ಡ ಮಲಗಿಸಿದರೆ ಏನಾಗುತ್ತದೆ ಅನ್ನುವುದನ್ನು ನಾನು ಕೋಬ್ಲೆನ್ಸ್ ರೈಲಿನಲ್ಲಿ, ಪವರ್ ಬ್ಯಾಂಕ್, ಟೋಪಿ ಮತ್ತು ಪಕ್ಕದವರ ಪ್ಯಾಂಟಿನ ಖರ್ಚಿನಲ್ಲಿ ಕಲಿತೆ. ನೆಟ್ಟಗೆ ನಿಲ್ಲಿಸಿ, ಎರಡು ಪಾದಗಳ ನಡುವೆ ಒತ್ತಿ ಹಿಡಿದು ಕೂತುಕೊಳ್ಳಿ.